ಬಾರದೇ ಇದ್ದವರಿಗೆ ಕೆಲಸ

ಏಪ್ರಿಲ್ 4, ಶುಕ್ರವಾರ

ಹಾಸ್ಟೆಲ್ ನೋಟೀಸ್ ಬೋರ್ಡಿನಲ್ಲಿ ಕೊನೆಗೂ ಆ ಕಾಗದ ಅಂಟಿಸಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಹಾಸ್ಟೆಲ್ ಬಂದ್. ಈ ಊರಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರಿದವರು ಅಲ್ಲಿಂದ ಒಂದು ಪತ್ರ ತಂದು ಕೊಟ್ಟರೆ ಉಳಿಯಬಹುದು. ಮಿಕ್ಕವರು ತಮ್ಮ ತಮ್ಮ ಮನೆಗೆ ಹೋಗತಕ್ಕದ್ದು.

"ಹೋಗತಕ್ಕದ್ದು" ಅಂತ ಬರೆದವರಿಗೆ ಎಲ್ಲರಿಗೂ ಒಂದೊಂದು ಮನೆ ಇರುತ್ತದೆ ಅಂತ ಭಾರೀ ಕಾನ್ಫಿಡೆನ್ಸ್. ಅಮ್ಮ ಹಡಗಿನಲ್ಲಿ ನರ್ಸ್. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಬಾಡಿಗೆ ಮನೆಗೆ ಸುಮ್ಮನೆ ಬೀಗ ಹಾಕಿಡುವುದು ಯಾಕೆ ಅಂತ, ನಾವು ಮೂರನೇ ಕ್ಲಾಸಿನಲ್ಲಿ ಹಾಸ್ಟೆಲ್ ಸೇರಿದಾಗಲೇ ಬಿಟ್ಟುಬಿಟ್ಟರು. ಅಲ್ಲಿಂದ ರಜೆ ಅಂದರೆ ಚಿಕ್ಕಪ್ಪನ ಮನೆ. ಚಿಕ್ಕಪ್ಪ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಮನೆಯಲ್ಲೂ ಅದನ್ನೇ ನಡೆಸುತ್ತಾರೆ. ಊಟಕ್ಕೆ ಕೂತು ನಾವು ಒಂದು ತುತ್ತು ಎತ್ತಿದರೆ "ಎಡಕ್ಕೆ ನೋಡು! ಬಲಕ್ಕೆ ನೋಡು! ಈಗ ತಿನ್ನು!" ಮಾತಾಡದೆ ಕೂತರೆ "ಏನಮ್ಮ, ನ್ಯೂಟ್ರಲ್‌ನಲ್ಲಿ ನಿಂತ್ಬಿಟ್ಟೆ?" ಅವರ ಮೂವರು ಮಕ್ಕಳು ಒಟ್ಟಿಗೆ ನಗುತ್ತಾರೆ. ಚಿಕ್ಕಮ್ಮ ಒಳ್ಳೆಯವರು, ನಗುವಾಗ ಆ ಕಡೆ ತಿರುಗಿಕೊಳ್ಳುತ್ತಾರೆ. ಮಲಗುವುದು ಹಾಲಿನ ಸೋಫಾದ ಮೇಲೆ. ಎಲ್ಲರೂ ಟಿವಿ ನೋಡಿ ಎದ್ದು ಹೋಗುವ ತನಕ ನಮ್ಮ ಹಾಸಿಗೆಯ ಮೇಲೆ ಐದು ಜನ ಕೂತಿರುತ್ತಾರೆ.

ಈ ಸಲ ನಾವು ಹೋಗುವುದಿಲ್ಲ. ಏನಾದರೂ ಆಗಲಿ.

ಇದನ್ನು ರೂಮ್‌ಮೇಟಿಗೆ ಹೇಳಿದೆವು. ಅವಳ ನಿಜವಾದ ಹೆಸರು ಈ ಮಹಡಿಯಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರೂ ಗೊರಕೆ ಅಂತಲೇ ಕರೆಯುವುದು. ಅವಳೂ ಓಗೊಡುತ್ತಾಳೆ.

"ನೀನು 'ನಾವು ಹೋಗಲ್ಲ' ಅಂದಾಗೆಲ್ಲ ನಿನ್ನ ಹಿಂದೆ ಯಾರಾದ್ರೂ ನಿಂತಿದಾರಾ ಅಂತ ನೋಡೋ ಹಾಗಾಗತ್ತೆ ಕಣೇ" ಅಂದಳು.

"ನಾವು ಅಂದ್ರೆ ನಾವು."

"ಅದೇ ಕೇಳ್ತಿರೋದು, ಎಷ್ಟು ಜನ?"

ಉತ್ತರ ಹೇಳುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಏಪ್ರಿಲ್ 8, ಮಂಗಳವಾರ

ಕ್ಯಾಂಟೀನಿಗೆ ನಾವೊಬ್ಬರೇ ಹೋಗಿದ್ದೆವು. ಟೇಬಲ್ಲಿಗೆ ಹಾಸಿದ್ದ ಹಳೇ ಪೇಪರಿನಲ್ಲಿ, ಟೀ ಕಲೆಯ ಪಕ್ಕದಲ್ಲೇ: "ಬೇಕಾಗಿದ್ದಾರೆ. ಬಸ್ ನಿಲ್ದಾಣದ ಕಳೆದು ಸಿಕ್ಕ ವಸ್ತುಗಳ ವಿಭಾಗಕ್ಕೆ, ಸಂಜೆ ಪಾಳಿಯ ಸಹಾಯಕರು. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಸೂಕ್ಷ್ಮ ಸ್ವಭಾವದವರಿಗೆ ಆದ್ಯತೆ."

ಸೂಕ್ಷ್ಮ ಸ್ವಭಾವ ಅಂದರೆ ಏನು ಅಂತ ಗೊರಕೆಯನ್ನು ಕೇಳಿದೆವು. "ಬಲೂನ್ ಒಡೆದ್ರೆ ನೀನು ಬಲೂನಿಗೇ ಸಾರಿ ಕೇಳೋಳು. ಇನ್ನೆಷ್ಟು ಸೂಕ್ಷ್ಮ ಬೇಕು ಅವರಿಗೆ?" ಅಂದಳು.

ಅರ್ಜಿ ಹಾಕಿ ಬಂದೆವು. ಶುಕ್ರವಾರ ಇಂಟರ್ವ್ಯೂ. ಆಗಲೇ ಅಂಗೈ ಬೆವರುತ್ತಿದೆ, ಪೆನ್ನು ಜಾರುತ್ತಿದೆ.

ಏಪ್ರಿಲ್ 10, ಗುರುವಾರ

ರಿಹರ್ಸಲ್. ಗೊರಕೆ ಟವೆಲ್ಲನ್ನು ಟೈ ಥರ ಕಟ್ಟಿಕೊಂಡು ಮಂಚದ ಮೇಲೆ ಕೂತಳು. ಈವರೆಗೆ ಹೋದ ಇಂಟರ್ವ್ಯೂಗಳಲ್ಲೆಲ್ಲ ಫೇಲಾಗಿದ್ದಾಳೆ. ಹಾಗಾಗಿ ಅನುಭವಕ್ಕೇನೂ ಕೊರತೆಯಿಲ್ಲ.

"ಪ್ರಶ್ನೆ ಅರ್ಥ ಆಗ್ಲಿಲ್ವಾ? 'ಒಳ್ಳೇ ಪ್ರಶ್ನೆ ಸರ್' ಅನ್ನು. ಟೈಮ್ ಸಿಗತ್ತೆ. ಮಧ್ಯದಲ್ಲಿ ಎಲ್ಲರೂ ಸೈಲೆಂಟಾದ್ರಾ? ನೀನು ಬಾಯಿ ಬಿಡ್ಬೇಡ, ಅವರೇ ಹೆದರ್ಕೊಳ್ಲಿ. ಏನಾದ್ರೂ ಬೀಳಿಸಿದ್ಯಾ? ಬೇಕಂತ್ಲೇ ಬೀಳಿಸ್ದೋಳ ಥರ ನೋಡು."

ಸಂಜೆ ಅಮ್ಮನಿಗೆ ಸಿಗ್ನಲ್ ಸಿಕ್ಕಿತ್ತು. ಆಕ್ವರ್ಡ್ ಅನ್ನುವುದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದೆವು.

"ಮುಜುಗರ ಅಂತಾರೆ ಪುಟ್ಟಿ."

"ನಾಚಿಕೆ ಅಂತ ಅಲ್ವಾ?"

"ಅದು ಬೇರೆ. ತಪ್ಪು ನಮ್ಮದು ಅಂತ ಗೊತ್ತಿದ್ರೆ ನಾಚಿಕೆ. ತಪ್ಪು ಯಾರದ್ದು ಅಂತಲೇ ಗೊತ್ತಾಗದೆ ಎಲ್ಲರೂ ಕಾಲು ನೋಡ್ಕೊಂಡು ನಿಂತ್ರೆ ಮುಜುಗರ. ಯಾಕೆ ಕೇಳ್ದೆ? ಏನಾಯ್ತು? ಯಾರೇನಂದ್ರು? ಊಟ ಸರಿಯಾಗಿ" ಅಷ್ಟಕ್ಕೆ ಸಿಗ್ನಲ್ ಹೋಯಿತು.

ಏಪ್ರಿಲ್ 11, ಶುಕ್ರವಾರ

ಎಲ್ಲ ಬರೆದುಬಿಡುತ್ತೇವೆ. ಬರೆದರೆ ಕಡಿಮೆಯಾಗುತ್ತದೆ ಅಂತ ಎಲ್ಲೋ ಓದಿದ್ದೇವೆ.

ಬಾಗಿಲ ಮೇಲೆ "ತಳ್ಳಿ" ಅಂತ ಬೋರ್ಡಿತ್ತು. ತಳ್ಳಿದೆವು. ಜಗ್ಗಲಿಲ್ಲ. ಭುಜ ಕೊಟ್ಟು ತಳ್ಳಿದೆವು. ಒಳಗಿನಿಂದ ಯಾರೋ ಕೂಗಿದರು: "ಎಳೀರಿ, ಎಳೀರಿ! ಆ ಬೋರ್ಡು ಈ ಬಾಗಿಲಿಂದಲ್ಲ, ಎಲ್ಲೋ ಸಿಕ್ಕಿದ್ದು!"

ಒಳಗೆ ಸೂರಿನವರೆಗೂ ಕಪಾಟುಗಳು. ಛತ್ರಿಗಳದೇ ಒಂದು ಗೋಡೆ. ಹೆಲ್ಮೆಟ್ಟುಗಳು, ಒಂಟಿ ಬೂಟುಗಳು, ಕುಕ್ಕರಿನ ಮುಚ್ಚಳಗಳು, ಒಂದು ಊರುಗೋಲು (ಅದನ್ನು ಬಿಟ್ಟವರು ಬಸ್ಸಿಳಿದು ಹೇಗೆ ನಡೆದು ಹೋದರೋ). ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಮೇಜಿನ ಹಿಂದೆ ಇಬ್ಬರು. ಒಬ್ಬರು ಮ್ಯಾನೇಜರ್, ಇನ್ನೊಬ್ಬರು ಅವರಿಗಿಂತ ಜೋರಾಗಿ ಕಾಣುವ ಮೇಡಂ. ಬಾಗಿಲ ಹತ್ತಿರ ಅಟೆಂಡರ್, ಕತ್ತಿಗೆ ದಾರದ ಉಂಡೆ ನೇತುಹಾಕಿಕೊಂಡು.

ಎದುರಿಗೆ ಕುರ್ಚಿಯಿತ್ತು. ಕೂತೆವು.

"ಅಯ್ಯೋ, ಅದ್ರಲ್ಲಿ ಬೇಡಮ್ಮ" ಅಂದರು ಮೇಡಂ. "ಅದು ಸಿಕ್ಕಿದ್ದು. ಅದರ ಓನರ್ ಇನ್ನೂ ಬಂದಿಲ್ಲ."

ಎದ್ದೆವು. ಚೀಟಿಯ ದಾರ ನಮ್ಮ ಬ್ಯಾಗಿಗೆ ಸಿಕ್ಕಿಕೊಂಡು ಕುರ್ಚಿಯೂ ನಮ್ಮ ಜೊತೆ ಎದ್ದಿತು. ಗೊರಕೆ ಹೇಳಿಕೊಟ್ಟಂತೆ, ಬೇಕಂತಲೇ ಎಬ್ಬಿಸಿದವರ ಥರ ನೋಡಿದೆವು. ಅಟೆಂಡರ್ ಬಂದು ನಮ್ಮನ್ನೂ ಕುರ್ಚಿಯನ್ನೂ ಬೇರೆ ಬೇರೆ ಮಾಡಿದರು.

"ನಿಮ್ಮ ಹೆಸರೇನಮ್ಮ?" ಮ್ಯಾನೇಜರ್ ಕೇಳಿದರು.

"ಒಳ್ಳೇ ಪ್ರಶ್ನೆ ಸರ್" ಅಂದೆವು.

ಬಾಯಿಂದ ಜಾರಿಹೋಯಿತು. ಎಲ್ಲರೂ ಸೈಲೆಂಟ್. ಸೈಲೆಂಟಾದಾಗ ಬಾಯಿ ಬಿಡಬಾರದಲ್ಲ, ಬಿಡಲಿಲ್ಲ. ಅವರೂ ಬಿಡಲಿಲ್ಲ. ಗೋಡೆಯ ಮೇಲೆ ಒಂದು ಸಾಲು ಗಡಿಯಾರ, ಎಲ್ಲ ಯಾರೋ ಕಳೆದುಕೊಂಡವು, ಒಂದೊಂದೂ ತನಗೆ ತೋಚಿದ ಟೈಮ್ ತೋರಿಸುತ್ತ ಟಿಕ್ ಟಿಕ್ ಅನ್ನುತ್ತಿದ್ದವು. ಕೊನೆಗೆ ಮ್ಯಾನೇಜರ್ ಅವರೇ ಹೆದರಿ ಅರ್ಜಿ ನೋಡಿ ನಮ್ಮ ಹೆಸರು ಓದಿಕೊಂಡರು.

"ಸರಿ, ನಿಮ್ಮ ಬಗ್ಗೆ ಸ್ವಲ್ಪ ಹೇಳಿ."

ಇದು ಪ್ರಾಕ್ಟೀಸ್ ಆಗಿತ್ತು. "ನಾವು ಮೂರನೇ ಕ್ಲಾಸಿಂದ ಹಾಸ್ಟೆಲಲ್ಲಿದೀವಿ ಸರ್. ನಾವು ಬೆಲ್ ಹೊಡೆದ ತಕ್ಷಣ ಏಳ್ತೀವಿ. ಬೆಡ್‌ಶೀಟ್ ಮೂಲೆಗೆ ಮೂಲೆ ಸೇರಿಸಿ ಮಡಚ್ತೀವಿ. ನಾವು ಬೇರೆಯವರ ವಸ್ತು ಮುಟ್ಟಲ್ಲ. ನಮಗೆ ಈ ಕೆಲಸ ತುಂಬಾ ಬೇಕು."

ಮ್ಯಾನೇಜರ್, ಮೇಡಂ ಮುಖ ನೋಡಿದರು. ಮೇಡಂ ಬಾಗಿಲ ಕಡೆ ನೋಡಿದರು.

"ಎಷ್ಟು ಜನ ಇದೀರಿ?"

ಹಾಸ್ಟೆಲ್ ರೂಮಿನ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆವು. "ಇಬ್ಬರು ಮೇಡಂ."

"ಇನ್ನೊಬ್ಬರೆಲ್ಲಿ?"

"ಮಲಗಿದಾರೆ." ಗೊರಕೆಗೆ ಹನ್ನೊಂದರ ಮುಂಚೆ ಬೆಳಗಾಗುವುದಿಲ್ಲ.

"ಇಂಟರ್ವ್ಯೂ ದಿವಸ ಮಲಗಿದಾರಾ?"

"ಅವರಿಗೆ ಟೆನ್ಷನ್ನೇ ಆಗಲ್ಲ ಮೇಡಂ."

"ನೋಡಿದ್ರಾ!" ಮೇಡಂ ಮೇಜು ತಟ್ಟಿದರು. "ಬೆಳಿಗ್ಗೆಯಿಂದ ಬಂದವರೆಲ್ಲ ಗ್ಲಾಸು ಹಿಡಿದ್ರೆ ನೀರು ಚೆಲ್ತಾ ಇದ್ರು. ಒಬ್ಬರಾದ್ರೂ ಧೈರ್ಯವಾಗಿ ಮಲಗಿದಾರಲ್ಲ. ಅವರಿಗೂ ಒಂದು ಕುರ್ಚಿ ಹಾಕಪ್ಪ."

ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಅಟೆಂಡರ್ ಕುರ್ಚಿ ತಂದು ಹೆಗಲ ಮೇಲಿನ ಬಟ್ಟೆಯಿಂದ ಕೈ, ಬೆನ್ನು, ನಾಲ್ಕು ಕಾಲು ಎಲ್ಲ ಒರೆಸಿದರು. ಅಷ್ಟು ಒರೆಸಿದ ಮೇಲೆ ಬೇಡ ಅನ್ನುವುದು ಹೇಗೆ?

ಅಲ್ಲಿಂದ ಒಂದು ಪ್ರಶ್ನೆ ನಮಗೆ, ಒಂದು ಪ್ರಶ್ನೆ ಖಾಲಿ ಕುರ್ಚಿಗೆ. ಕುರ್ಚಿಯ ಪರವಾಗಿ ನಾವೇ ಹೇಳಬೇಕು.

ನಮಗೆ: "ಕಂಪ್ಯೂಟರ್ ಬರುತ್ತಾ?" ನಾವು: "ಒಳ್ಳೇ ಪ್ರಶ್ನೆ."

ಕುರ್ಚಿಗೆ: "ಹಲ್ಲಿನ ಸೆಟ್ಟು ಕಳ್ಕೊಂಡವರೊಬ್ಬರು ಬರ್ತಾರೆ. ಹಿಂದೆ ಕ್ಯೂ ಇದೆ. ಅವರಿಗೆ ಬಾಯಿ ತೆಗೆಯೋಕೆ ಮುಜುಗರ. ಬಾಯಿ ತೆಗೀದೆ ಏನು ಕಳೀತು ಅಂತ ಹೇಗೆ ಹೇಳ್ತಾರೆ? ಆಗ ಇವರೇನು ಮಾಡ್ತಾರೆ?"

ಕುರ್ಚಿ ನೋಡಿದರೆ ಯಾಕೋ ಸಲೀಸಾಯಿತು. ಅದರ ಅಂಗೈ ಬೆವರುವುದಿಲ್ಲವಲ್ಲ.

"ಅವರು ಮೊದಲು ತಮ್ಮ ಬಾಯಿಗೂ ಕರ್ಚೀಫ್ ಹಿಡ್ಕೋತಾರೆ ಸರ್, ಶೀತ ಆದವರ ಥರ. ಆಮೇಲೆ ಒಂದು ಚೀಟಿ, ಒಂದು ಪೆನ್ನು ಮುಂದಿಡ್ತಾರೆ. ಇಬ್ಬರೂ ಬರೆದು ಬರೆದು ಮಾತಾಡ್ತಾರೆ. ಕ್ಯೂನಲ್ಲಿರೋರು ಪಾಪ, ಇಬ್ಬರಿಗೂ ಗಂಟಲು ಕಟ್ಟಿದೆ ಅಂದ್ಕೋತಾರೆ. ಸೆಟ್ಟನ್ನ ಟಿಫಿನ್ ಬಾಕ್ಸಲ್ಲಿ ಹಾಕಿ ಕೊಡ್ತಾರೆ."

ಮೇಡಂ ಬರೆಯುವುದನ್ನು ನಿಲ್ಲಿಸಿ ಕುರ್ಚಿಯನ್ನೇ ನೋಡಿದರು.

ಕುರ್ಚಿಗೆ: "ಒಬ್ಬರು ದಿನಾ ಬರ್ತಾರೆ. ಅವರದ್ದೇನೂ ಕಳೆದಿಲ್ಲ. ಸುಮ್ನೆ 'ನಂದೇನಾದ್ರೂ ಸಿಕ್ತಾ' ಅಂತ ಕೇಳ್ತಾರೆ."

"ಇವರೂ ದಿನಾ ಹುಡುಕ್ತಾರೆ ಸರ್. ಎಲ್ಲಾ ಕಪಾಟೂ. ಆಮೇಲೆ, ಇವತ್ತು ಇಲ್ಲ, ನಾಳೆ ಬನ್ನಿ ಅಂತಾರೆ."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗೇನಾದ್ರೂ ಕೇಳೋದಿದೆಯಾ?" ಇದು ನಮಗೆ. ಬಾಯಿ ತೆರೆದೆವು, ಬಿಕ್ಕಳಿಕೆ ಬಂತು. ನಿಲ್ಲಲೇ ಇಲ್ಲ. ಅಟೆಂಡರ್ ನಮಗೊಂದು ಗ್ಲಾಸು, ಕುರ್ಚಿಯ ಮುಂದೊಂದು ಗ್ಲಾಸು ನೀರಿಟ್ಟರು. ಎರಡನ್ನೂ ಕುಡಿದೆವು. "ಜೊತೆಯವರ ಪಾಲನ್ನೂ..." ಅಂತ ಮೇಡಂ ಗೊಣಗಿದ್ದು ಕೇಳಿಸಿತು.

ಹೊರಡುವಾಗ ಬಾಗಿಲನ್ನು ಎಳೆದೆವು. ತಳ್ಳಬೇಕಿತ್ತು.

ಏಪ್ರಿಲ್ 12, ಶನಿವಾರ

ಒಳ್ಳೇ ಪ್ರಶ್ನೆ ಸರ್. ಹೆಸರು ಕೇಳಿದರೆ, ಒಳ್ಳೇ ಪ್ರಶ್ನೆ ಸರ್. ಥೂ.

ಏಪ್ರಿಲ್ 16, ಬುಧವಾರ

ಪತ್ರ ಬಂದಿದೆ. ಇಲ್ಲಿ ಹಾಗೇ ಇಳಿಸುತ್ತೇವೆ, ನಾಳೆ ನಮಗೇ ನಂಬಿಕೆ ಬರಬೇಕಲ್ಲ.

"ಸಂದರ್ಶನಕ್ಕೆ ಹಾಜರಾಗದೇ ಇದ್ದ ತಮ್ಮ ಜೊತೆಯವರನ್ನು ಸದರಿ ಹುದ್ದೆಗೆ ಆಯ್ಕೆ ಮಾಡಲಾಗಿದೆ. ಹಾಜರಾದ ತಮ್ಮ ಉತ್ತರಗಳು ಸಮಾಧಾನಕರವಾಗಿಲ್ಲದ ಕಾರಣ ತಮ್ಮನ್ನು ಕಾಯುವವರ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿ ಇರಿಸಲಾಗಿದೆ. ಸೋಮವಾರ ಜೊತೆಯವರನ್ನು ತಪ್ಪದೆ ಕರೆತರತಕ್ಕದ್ದು."

ಫೋನ್ ಮಾಡಿ ವಿಚಾರಿಸಿದೆವು. ಕಾಯುವವರ ಪಟ್ಟಿಯಲ್ಲಿ ನಾವೊಬ್ಬರೇ ಅಂತೆ. ಹಾಗಾದರೆ ಮೊದಲನೇ ಸ್ಥಾನ ಯಾರದು ಅಂದರೆ, ಅದು ಖಾಲಿ ಇಟ್ಟಿದ್ದೇವೆ ಅಂದರು ಮೇಡಂ.

ಗೊರಕೆ ನಕ್ಕು ನಕ್ಕು ಮಂಚದಿಂದ ಉರುಳಿದಳು. "ಲೇ, ನೀನು ನಿನಗೇ ಸೋತಿದೀಯಲ್ಲೇ! ಎಲ್ಲಾ ಆ ನಾವು ನಾವು ಅಂತ ಬಡ್ಕೊಳ್ಳೋದ್ರಿಂದ. ಬಾಯಿ ತುಂಬ 'ನಾನು' ಅನ್ನೋಕೆ ಏನು ಬಾಧೆ ನಿಂಗೆ?"

"ನಾವು ಹಾಗೆಲ್ಲ ಮಾತಾಡೋದೇ ಇಲ್ವಲ್ಲ" ಅಂದೆವು.

"ಹಾಗೆಲ್ಲ ಅಂದ್ರೆ ಹೇಗೆ?"

"ನೀನು ಹೇಳಿದ ಹಾಗೆ. ನಾವು ಎಲ್ಲರ ಥರ ಮಾಮೂಲಿಯಾಗೇ ಮಾತಾಡ್ತೀವಿ."

ಅವಳು ದಿಂಬಿನಲ್ಲಿ ಮುಖ ಹುದುಗಿಸಿಕೊಂಡಳು.

ಹಳೇ ಹಾಸ್ಟೆಲಿನಲ್ಲಿ ವಾರ್ಡನ್ ಬಂದು "ಯಾರದು ಗಲಾಟೆ?" ಅಂದರೆ ಡಾರ್ಮಿಟರಿಗೆ ಡಾರ್ಮಿಟರಿಯೇ "ನಾವು ಮೇಡಂ" ಅನ್ನುತ್ತಿತ್ತು. ಅಷ್ಟು ಜನರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ಬೆಂಚು ಸಾಲುವುದಿಲ್ಲ. ಇದರಲ್ಲಿ ನಗುವಂಥದ್ದು ಏನಿದೆ?

ಏಪ್ರಿಲ್ 21, ಸೋಮವಾರ

ಗೊರಕೆಯೇ "ಜೊತೆಯವರು" ಆಗಿ ಬರುತ್ತೇನೆ ಅಂದಳು. "ಮಲಗಿದ್ದು ನಾನೇ ತಾನೇ? ಅರ್ಧ ನಿಜ ಆಯ್ತಲ್ಲ." ಅಲಾರಂ, ನೀರು, ಚಿವುಟುವುದು ಎಲ್ಲ ಆದ ಮೇಲೆ ಎದ್ದಳು.

ಹೋದಾಗ ಕೌಂಟರಿನಲ್ಲಿ ಒಬ್ಬ ಟೈಲರ್ ತನ್ನ ಕತ್ತರಿ ಕೇಳಲು ಬಂದಿದ್ದ. ಕತ್ತರಿ ಅಟೆಂಡರ್ ಕೈಯಲ್ಲೇ ಇದೆ, ಇವನಿಗೆ ಕಾಣುತ್ತಲೂ ಇದೆ. ಆದರೂ ಕೊಡುತ್ತಿಲ್ಲ.

"ಕಡೇ ಸಲ ಎಲ್ಲಿ ನೋಡಿದ್ರಿ? ಅಳತೆ? ಗೀರು ಗಾಯ? ಬೇರೆಯವರಿಗೆ ಗೊತ್ತಿಲ್ದೇ ಇರೋ ಗುರುತು?"

"ಅಲ್ಲೇ ಇದೆಯಲ್ಲಣ್ಣ, ನನ್ನ ಕಣ್ಮುಂದೆ!"

"ಕಣ್ಮುಂದೆ ಇರೋದು ಗುರುತಲ್ಲ. ಗುರುತು ಹೇಳದೆ ಇಲ್ಲಿಂದ ಸೂಜಿನೂ ಹೊರಗೆ ಹೋಗಲ್ಲ."

ಟೈಲರ್ ಕೊನೆಗೆ ಕತ್ತರಿ ಹಿಡಿದಾಗ ತನ್ನ ಹೆಬ್ಬೆರಳು ಎಲ್ಲಿ ನೋಯುತ್ತದೆ ಅಂತ ಹೇಳಿದ. ಅಟೆಂಡರ್ ಹಿಡಿದು ನೋಡಿ, ಹೌದು ನೋಯುತ್ತೆ ಅಂತ ಕೊಟ್ಟರು.

ಒಳಗೆ ಗೊರಕೆಯನ್ನು ಕೂರಿಸಿದರು. ಮ್ಯಾನೇಜರ್ ಬಗ್ಗಿ ನಮಸ್ಕಾರ ಮಾಡಿದರು. ನಮಗೆ ಮಾಡಿರಲಿಲ್ಲ.

"ಹಲ್ಲಿನ ಸೆಟ್ಟಿನ ವಿಷಯ ಇನ್ನೊಂದ್ಸಲ ತಮ್ಮ ಬಾಯಲ್ಲೇ ಕೇಳೋಣ ಅಂತ."

"ಹಲ್ಲಿನ ಸೆಟ್ಟಾ?" ಅಂದಳು ಗೊರಕೆ. "ಬಾಯಿ ತೆಗೀರಿ ಅನ್ನೋದು, ಒಂದು ಹಾಕಿ ನೋಡೋದು. ಆಗ್ಲಿಲ್ವಾ, ಮುಂದಿನ ಸೆಟ್ಟು."

ಮೇಡಂ ತಮ್ಮ ಬಾಯಿ ಮುಚ್ಚಿಕೊಂಡರು. ಮತ್ತೆ ಎಲ್ಲರೂ ಸೈಲೆಂಟ್. ಆ ಸೈಲೆನ್ಸಿನಲ್ಲಿ ಗೊರಕೆಗೆ ಕುರ್ಚಿಯಲ್ಲೇ ನಿದ್ದೆ ಬಂತು. ಆಮೇಲೆ ಸೈಲೆನ್ಸ್ ಉಳಿಯಲಿಲ್ಲ.

"ಮಲಗೋದೇನೋ ಅವರ ಹಾಗೇ ಮಲಗ್ತಾರೆ" ಅಂದರು ಮ್ಯಾನೇಜರ್ ಮೆಲ್ಲಗೆ. "ಆದ್ರೆ ಮಾತು ಅವರದಲ್ಲ. ಇವರು ಮೂರನೆಯವರು."

"ನೀವು ಒಟ್ಟು ಎಷ್ಟು ಜನ ಇದೀರಮ್ಮ?" ಅಂದರು ಮೇಡಂ ಸುಸ್ತಾಗಿ. "ಶುಕ್ರವಾರ ಕಡೇ ದಿನ. ಅವರನ್ನೇ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಬೇರೆ ಅರ್ಜಿ ಕರೀತೀವಿ."

ಏಪ್ರಿಲ್ 23, ಬುಧವಾರ

ಚಿಕ್ಕಪ್ಪ ಫೋನ್ ಮಾಡಿದ್ದರು. ಒಂದನೇ ತಾರೀಕು ಬೆಳಿಗ್ಗೆ ಟ್ರೈನಿಂಗ್ ಕಾರಿನಲ್ಲೇ ಬರುತ್ತಾರಂತೆ. ಅದೇ, ತಲೆಯ ಮೇಲೆ ದೊಡ್ಡ 'ಎಲ್' ಬೋರ್ಡಿನದು. "ರೆಡಿಯಾಗಿ ಗೇಟ್ ಹತ್ರ ಪಾರ್ಕಾಗಿರು" ಅಂದರು. ಹಿಂದಿನಿಂದ ಮೂವರೂ ನಕ್ಕರು.

ಸೂಟ್‌ಕೇಸ್ ಮಂಚದ ಕೆಳಗಿಂದ ಎಳೆದೆವು. ತಿರುಗಿ ಒಳಗೆ ತಳ್ಳಿದೆವು.

ಏಪ್ರಿಲ್ 25, ಶುಕ್ರವಾರ

ಹೋದೆವು. ಗೊರಕೆ ಬರುತ್ತೇನೆ ಅಂದಳು, ಬೇಡ ಅಂದೆವು.

ಮೇಜಿನ ಮುಂದೆ ಎರಡು ಕುರ್ಚಿ ಹಾಕಿಯೇ ಇಟ್ಟಿದ್ದರು. ಮ್ಯಾನೇಜರ್ ಇವತ್ತು ಒಂದು ಫೈಲನ್ನು ಎದೆಗೆ ಅವುಚಿಕೊಂಡು, ಯಾರಾದರೂ ಕಿತ್ತುಕೊಂಡಾರು ಅನ್ನುವಂತೆ ಕೂತಿದ್ದರು.

"ಬಂದ್ರಾ? ಅವರೆಲ್ಲಿ?" ಅಂದರು ಮೇಡಂ.

ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. "ದಯವಿಟ್ಟು ಕ್ಷಮಿಸಿ ಮೇಡಂ, ನಮ್ಮಿಂದ ಒಂದು ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ" ಅಂತ. "ಮಿಸ್" ಅನ್ನುವಷ್ಟರಲ್ಲಿ ಮುಂದಿನದು ಮರೆತುಹೋಯಿತು.

"ಮಿಸ್ ಆಗಿದಾರಾ?" ಅಟೆಂಡರ್ ಎದ್ದು ನಿಂತರು. "ಎಲ್ಲಿ ಮಿಸ್ ಆದ್ರು? ಬಸ್ಸಲ್ಲಾ, ಪ್ಲಾಟ್‌ಫಾರಮ್ಮಲ್ಲಾ?" ದಾರದ ಉಂಡೆ ಕತ್ತಿನಿಂದ ತೆಗೆದೇಬಿಟ್ಟರು.

"ಅಲ್ಲ, ಅವರು... ಅವರು ಅಂತ ಬೇರೆ ಯಾರೂ ಇಲ್ಲ. ಅವತ್ತು ಕುರ್ಚಿ ಪರವಾಗಿ ಹೇಳಿದ್ದೆಲ್ಲ... ಅದು ನಾನೇ ಮೇಡಂ. ನಾನೊಬ್ಬಳೇ."

ಅಟೆಂಡರ್ ದಾರದ ಉಂಡೆಯನ್ನು ಮತ್ತೆ ಕತ್ತಿಗೆ ಹಾಕಿಕೊಂಡರು.

"ಅವರು, ನೀವೇನಾ?" ಅಂದರು ಮ್ಯಾನೇಜರ್.

"ಹೌದು ಸರ್."

"ಹಾಗಾದ್ರೆ ಅವತ್ತು ಬಂದಿದ್ದು ಯಾರು?"

"ಅದೂ ನಾನೇ."

"ಕಾಯುವವರ ಪಟ್ಟಿಯಲ್ಲಿರೋದು?"

"ನಾನೇ ಸರ್."

"ಮೊನ್ನೆ ಮಲಗಿದ್ದು?"

"ಅವಳು ನನ್ನ ರೂಮ್‌ಮೇಟ್."

ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. "ನೋಡಮ್ಮ, ಬೇಜಾರು ಮಾಡ್ಕೋಬೇಡಿ. ಒಳ್ಳೇ ವಸ್ತು ಕಂಡ್ರೆ 'ಅದು ನಂದೇ' ಅಂತ ದಿನಾ ಯಾರಾದ್ರೂ ಬರ್ತಾರೆ. ಆ ಅಭ್ಯರ್ಥಿ ನಿಜವಾಗ್ಲೂ ಒಳ್ಳೇ ಅಭ್ಯರ್ಥಿ. ಅದು ನಾನೇ ಅಂದ ಮಾತ್ರಕ್ಕೆ ನಿಮಗೆ ಕೊಡೋಕಾಗುತ್ತಾ? ಗುರುತು ಹೇಳ್ಬೇಕು."

ಮೇಡಂ ಆಗಲೇ ಪೆನ್ನಿನ ಟೋಪಿ ತೆಗೆದಿದ್ದರು. "ಕಡೇ ಸಲ ಎಲ್ಲಿ ನೋಡಿದ್ರಿ?"

ನಾನು ಯೋಚಿಸಿದೆ. ತಮಾಷೆಯ ಪ್ರಶ್ನೆ ಅಂತ ಅನ್ನಿಸಲಿಲ್ಲ. "ಮೂರನೇ ಕ್ಲಾಸಲ್ಲಿ ಮೇಡಂ. ಹಾಸ್ಟೆಲ್ ಗೇಟ್ ಹತ್ರ."

"ಅಷ್ಟು ಹಳೇದಾ!" ಅಂದರು ಅಟೆಂಡರ್. "ಹಾಗಿದ್ರೆ ಕೆಳಗಿನ ಗೋಡೌನಲ್ಲಿ ನೋಡ್ಬೇಕಿತ್ತು."

"ಗೀರು, ಗಾಯ?"

"ಎಡ ಮೊಣಕೈ. ಬಂಕ್ ಮಂಚದ ಮೇಲಿಂದ ಬಿದ್ದಿದ್ದು." ತೋಳು ಮಡಚಿ ತೋರಿಸಿದೆ. ಅಟೆಂಡರ್ ಟಾರ್ಚು ಬಿಟ್ಟು ನೋಡಿ "ಇದೆ ಮೇಡಂ" ಅಂದರು.

"ಬೇರೆಯವರಿಗೆ ಗೊತ್ತಿಲ್ದೇ ಇರೋದು?"

"ಬಾತ್‌ರೂಮಲ್ಲಿ ಹಾಡ್ತೀನಿ. ನಲ್ಲಿ ಬಿಟ್ಟಿದ್ರೆ ಮಾತ್ರ."

"ಯಾವ ಹಾಡು?"

"ಪದ ಗೊತ್ತಿಲ್ಲ. ಲಾ ಲಾ ಅಂತ."

"ಲಾ ಲಾ ಯಾರು ಬೇಕಾದ್ರೂ ಅಂತಾರೆ" ಅಂದರು ಮ್ಯಾನೇಜರ್. "ಅವರದೇ ಅನ್ನೋಂಥದ್ದು ಬೇಕು. ಅವರೊಬ್ಬರೇ ಮಾಡೋಂಥದ್ದು." ಹೀಗಂದು ನೀರಿಗೆ ಕೈಚಾಚಿದರು. ಎಡಗೈ. ಬಲಗೈ ಫೈಲನ್ನು ಬಿಡಲಿಲ್ಲ. ಗ್ಲಾಸು ದೂರವಿತ್ತು, ಬಗ್ಗಿದರು, ಫೈಲಿನ ಮೂಲೆ ಸ್ವಲ್ಪ ಜಾರಿತು. ಥಟ್ಟನೆ ಸರಿಮಾಡಿಕೊಂಡರು. ನನಗೆ ಕಾಣಿಸಿದ್ದು ಅಷ್ಟರಲ್ಲೇ. ಶರ್ಟಿನ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ, ಮಧ್ಯೆ ಬನಿಯನ್ನು ಇಣುಕುತ್ತಿತ್ತು. ಕಿವಿ ಕೆಂಪಗಾಗಿತ್ತು.

ನಾನು ಎದ್ದು ನನ್ನ ಕುರ್ಚಿಯನ್ನು ಛತ್ರಿಗಳ ಗೋಡೆಯ ಕಡೆ ತಿರುಗಿಸಿಕೊಂಡು ಕೂತೆ.

"ಇದೇನಮ್ಮ?" ಅಂದರು ಮೇಡಂ.

"ಮೇಡಂ, ಒಂದು ನಿಮಿಷ ಈ ಕಡೆ ಬನ್ನಿ. ಆ ಮೇಲಿನ ಸಾಲಿನ ಕೊನೇ ಛತ್ರಿ ಯಾವ ಬಣ್ಣ ಅಂತ ನಾವಿಬ್ಬರೂ ನೋಡೋಣ. ಅಣ್ಣಾ, ನೀವೂ ಬನ್ನಿ."

ಬಂದರು. ಮೂವರೂ ಗೋಡೆ ನೋಡಿಕೊಂಡು ಕೂತೆವು.

"ಕಪ್ಪು" ಅಂದರು ಮೇಡಂ.

"ನೀಲಿ ಮೇಡಂ, ಧೂಳು ಕೂತಿದೆ ಅಷ್ಟೇ" ಅಂದರು ಅಟೆಂಡರ್.

"ಆತುರ ಬೇಡ, ಇನ್ನೂ ಸ್ವಲ್ಪ ನೋಡೋಣ" ಅಂದೆ.

ಹಿಂದೆ ಫೈಲನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಗುಂಡಿಗಳ ಸದ್ದು. ಗುಂಡಿಗೆ ಸದ್ದಿರುವುದಿಲ್ಲ, ಆದರೂ ಗೊತ್ತಾಗುತ್ತದೆ. ಕೊನೆಗೆ ಒಂದು ಕೆಮ್ಮು.

"ಹಸಿರು ಅನ್ಸತ್ತೆ ಅಲ್ವಾ?" ಅನ್ನುತ್ತ ತಿರುಗಿದೆ. ಮ್ಯಾನೇಜರ್ ಎರಡೂ ಕೈಯನ್ನು ಮೇಜಿನ ಮೇಲೆ ಆರಾಮಾಗಿ ಹರಡಿಕೊಂಡು ಕೂತಿದ್ದರು.

"ಬೆಳಿಗ್ಗೆಯಿಂದ" ಅಂದರು, ಯಾರನ್ನೂ ನೋಡದೆ, "ಬೆಳಿಗ್ಗೆಯಿಂದ ಒಂದೇ ಕೈಯಲ್ಲಿ ಆಫೀಸು ನಡೆಸ್ತಿದೀನಿ." ಆಮೇಲೆ ಮೇಡಂ ಕಡೆ ತಿರುಗಿ, "ಇವರೇ ಅವರು. ಕೊಟ್ಬಿಡಿ."

"ಯಾಕೆ? ಛತ್ರಿ ನೋಡಿದ್ದಕ್ಕಾ?" ಮೇಡಂಗೆ ಏನೂ ಗೊತ್ತಾಗಲಿಲ್ಲ. ಮ್ಯಾನೇಜರೂ ನಾನೂ, ನಾವಿಬ್ಬರೂ ಹೇಳಲಿಲ್ಲ.

ಅಟೆಂಡರ್ ನನ್ನ ಮಣಿಕಟ್ಟಿಗೆ ರಟ್ಟಿನ ಚೀಟಿ ಕಟ್ಟಿದರು. ಅದರಲ್ಲಿ ಎರಡು ಗೆರೆ, "ಒಪ್ಪಿಸಿದವರು" ಮತ್ತು "ಪಡೆದವರು". ಎರಡರ ಮೇಲೂ ನಾನೇ ಸೈನ್ ಮಾಡಿದೆ. ಎರಡನೇದು ಸ್ವಲ್ಪ ಚೆನ್ನಾಗಿ ಬಂತು.

"ಇನ್ಮೇಲೆ ವಾಪಸ್ ತಗೊಳ್ಳಲ್ಲ" ಅಂದರು ಮೇಡಂ ಎಚ್ಚರಿಕೆಯ ಧಾಟಿಯಲ್ಲಿ. "ಅಂದ್ಹಾಗೆ, ಕಾಯುವವರ ಪಟ್ಟಿಯಲ್ಲಿರೋರಿಗೆ ನೀವೇ ತಿಳಿಸಿಬಿಡ್ತೀರಾ? ಬೇಜಾರಾಗ್ತಾರೇನೋ, ಪಾಪ."

"ಸಮಾಧಾನ ಮಾಡ್ತೀನಿ ಮೇಡಂ" ಅಂದೆ.

ಮೇ 2, ಶುಕ್ರವಾರ

ಬರೆಯೋಕೆ ಟೈಮೇ ಆಗಲಿಲ್ಲ. ಸಂಜೆ ಪಾಳಿ ಜೋರಾಗಿದೆ. ಮೊದಲ ದಿನವೇ ಒಬ್ಬರು ತಮ್ಮ ವಿಗ್ ಕೇಳಲು ಬಂದಿದ್ದರು. ಹೇಗೆ ನಿಭಾಯಿಸಿದೆ ಅಂತ ಬರೆಯುವುದಿಲ್ಲ, ಅದು ಅವರ ವಿಷಯ.

ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಈ ಸಲ ನಾನು ಬರಲ್ಲ."

"ಏನು, ರಿವರ್ಸ್ ಗೇರಾ?"

"ಅಲ್ಲ, ನಂಗಿಲ್ಲಿ ಕೆಲಸ ಸಿಕ್ಕಿದೆ. ನಾನು ಬರಲ್ಲ."

ಹಿಂದೆ ನಗು ಕೇಳಿಸಲಿಲ್ಲ. "ಸರಿ ಬಿಡು. ಇಂಡಿಕೇಟರ್ ಹಾಕಿ ತಿರುಗಿಸಿದೀಯ, ಅಷ್ಟು ಸಾಕು" ಅಂದರು. ಕಾರಿನ ಭಾಷೆಯಲ್ಲಿ ಅವರು ಯಾರನ್ನಾದರೂ ಹೊಗಳಿದ್ದು ನಾನು ಕೇಳಿರಲಿಲ್ಲ.

ಗೊರಕೆ ನಿನ್ನೆ ಹೋದಳು. ಅವಳ ಅಪ್ಪ ಅವಳನ್ನೂ ಹಾಸಿಗೆಯನ್ನೂ ಹೆಚ್ಚುಕಡಿಮೆ ಒಟ್ಟಿಗೆ ಸುತ್ತಿ ಆಟೋಗೆ ಹತ್ತಿಸಿದರು. ಕಣ್ಣು ಬಿಡದೆಯೇ ನನಗೆ ಟಾಟಾ ಮಾಡಿದಳು.

ಇವತ್ತು ಬೆಳಿಗ್ಗೆ ವಾರ್ಡನ್ ಹತ್ತಿರ ಆಫೀಸಿನ ಪತ್ರ ತಗೊಂಡು ಹೋದೆ. ಅವರು ಕನ್ನಡಕ ಏರಿಸಿ ಜೋರಾಗಿ ಓದಿದರು. "ಇವರು ನಮ್ಮ ವಿಭಾಗದಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ಇವರಿಗೆ ರಜಾ ಅವಧಿಯಲ್ಲಿ ವಸತಿ ನೀಡಬೇಕಾಗಿ..." ನಿಲ್ಲಿಸಿ ತಲೆಯೆತ್ತಿದರು.

"ಇವರು ಅಂತಾರಲ್ಲ, ಎಷ್ಟು ಜನಕ್ಕಮ್ಮ ಇದು?"

"ಒಬ್ಬಳಿಗೆ ಮೇಡಂ. ನನಗೆ."

"ಮತ್ತೆ ಇವರು ಇವರು ಅಂತ ಯಾಕೆ ಬರೆದಿದಾರೆ?"

"ಮರ್ಯಾದೆ ಕೊಟ್ಟಿದಾರೆ ಮೇಡಂ."

"ಓ" ಅಂದರು ವಾರ್ಡನ್. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಬೀಗದ ಕೈ ಕೊಟ್ಟರು.

ಮೇಲಿನ ಮಹಡಿಗಳಿಗೆ ಬೀಗ ಬಿದ್ದಿದೆ. ನನಗೆ ಕೆಳಗಿನ ನಾಲ್ಕು ಮಂಚದ ರೂಮು ಕೊಟ್ಟಿದ್ದಾರೆ. "ಯಾವ ಮಂಚ ಮೇಡಂ?" ಅಂತ ಕೇಳಿದೆ. "ಯಾವ್ದಾದ್ರೂ ತಗೋ, ನಿನ್ನಿಷ್ಟ" ಅಂತ ಫ್ಯಾನ್ ಸ್ವಿಚ್ ತೋರಿಸಿ ಹೋದರು. ಇಲ್ಲಿಯ ತನಕ ಎಲ್ಲೇ ಹೋದರೂ ಮಂಚದ ಮೇಲೆ ಮೊದಲೇ ಚೀಟಿ ಅಂಟಿಸಿರುತ್ತಿದ್ದರು.

ನಾಲ್ಕರಲ್ಲೂ ಮಲಗಿ ನೋಡಿದೆ. ಕಿಟಕಿ ಪಕ್ಕದ್ದರಲ್ಲಿ ಗಾಳಿ ಚೆನ್ನಾಗಿದೆ, ಆದರೆ ಬೀದಿ ದೀಪ ಕಣ್ಣಿಗೆ ಹೊಡೆಯುತ್ತದೆ. ಬಾಗಿಲ ಹತ್ತಿರದ್ದು ಗಟ್ಟಿಮುಟ್ಟಾಗಿದೆ. ಮೂಲೆಯದ್ದಕ್ಕೆ ದೊಡ್ಡ ಕಪಾಟು. ನಾಲ್ಕನೆಯದು ಹೊರಳಿದರೆ ಸಾಕು, ಕಿರ್ ಅನ್ನುತ್ತದೆ, ಒಂದು ಕಾಲೂ ಗಿಡ್ಡ.

ನಾಲ್ಕನೆಯದನ್ನೇ ಇಟ್ಟುಕೊಂಡೆ. ಯಾಕೆ ಅಂತ ಯಾರೂ ಕೇಳಲಿಲ್ಲ.